ಅತಿಭಾರವೂ ಹಿಂಸೆಯೇ

ಹಿಂಸೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಆಯುಧ, ರಕ್ತ, ಆಕ್ರಂದನ. ಜೈನಾಚಾರ್ಯರ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಗೃಹಸ್ಥನ ಅಹಿಂಸಾಣುವ್ರತಕ್ಕೆ ತಗಲುವ 5 ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಶಕ್ತಿ ಮೀರಿ ಭಾರ ಹೊರಿಸುವುದು ಮತ್ತು ಅನ್ನಪಾನಗಳನ್ನು ತಡೆಯುವುದು. ಇವುಗಳಲ್ಲಿ ನಾಲ್ಕನೆಯದಕ್ಕೆ ಅತಿಭಾರಾರೋಪಣ ಎಂದು ಹೆಸರು. ಎತ್ತಿನ ಬೆನ್ನಿಗಾಗಲಿ ಆಳಿನ ತಲೆಗಾಗಲಿ ತಾಳಲಾರದಷ್ಟು ಹೊರೆಯನ್ನು ಹೇರಿದವನು, ಕೋಲನ್ನು ಎತ್ತದಿದ್ದರೂ, ತನ್ನ ವ್ರತಕ್ಕೆ ಕಳಂಕ ತಂದುಕೊಂಡಂತೆಯೇ.

ಇಂದು ಹೊರೆಯ ರೂಪ ಬದಲಾಗಿದೆ. ಅದು ಕಣ್ಣಿಗೆ ಕಾಣುವ ಮೂಟೆಯಲ್ಲ. ಕಚೇರಿಯ ಕಡತ, ಮುಗಿಯದ ಗುರಿ, ರಾತ್ರಿ ಹತ್ತಕ್ಕೂ ಮಿನುಗುವ ಮೊಬೈಲ್ ಸಂದೇಶ. ಬ್ಯಾಂಕಿನ ಗುಮಾಸ್ತರು, ಶಾಲೆಯ ಶಿಕ್ಷಕರು, ಆಸ್ಪತ್ರೆಯ ದಾದಿಯರು, ಸಾಫ್ಟ್‌ವೇರ್ ಉದ್ಯೋಗಿಗಳು, ಎಲ್ಲರೂ ಒಂದಲ್ಲ ಒಂದು ದಿನ ಎಲ್ಲಿಂದ ಆರಂಭಿಸುವುದೆಂದು ತೋಚದೆ ಕೈಚೆಲ್ಲಿ ಕುಳಿತಿರುತ್ತಾರೆ. ಮಧ್ಯಾಹ್ನದ ಬುತ್ತಿ ಬಿಚ್ಚದೆಯೇ ಮನೆಗೆ ಮರಳುತ್ತದೆ. ಅತಿಭಾರದ ಹಿಂದೆಯೇ ಅನ್ನಪಾನ ನಿರೋಧವೂ ಬಂದು ನಿಲ್ಲುತ್ತದೆ. ಬೇರೊಂದು ಜೀವಿಗೆ ಮಾಡಿದರೆ ಅತಿಚಾರವೆನಿಸುವುದನ್ನು ನಮಗೆ ನಾವೇ ಮಾಡಿಕೊಂಡಾಗ ಅದು ಕರ್ತವ್ಯನಿಷ್ಠೆ ಹೇಗಾದೀತು? ಸಕಲ ಜೀವಿಗಳಿಗೂ ದಯೆ ತೋರಬೇಕೆಂಬ ಧರ್ಮವು ನಮ್ಮೊಳಗಿನ ಜೀವವನ್ನು ಆ ಲೆಕ್ಕದಿಂದ ಹೊರಗಿಟ್ಟಿಲ್ಲ.

ಕಠಿಣ ತಪಸ್ಸನ್ನು ಕೊಂಡಾಡುವ ಧರ್ಮ ಹೀಗೆ ಹೇಳೀತೇ ಎಂದು ಯಾರಾದರೂ ಕೇಳಬಹುದು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ 16 ಭಾವನೆಗಳನ್ನು ನೋಡಿ. ಅಲ್ಲಿ ತ್ಯಾಗವೂ ಇದೆ, ತಪಸ್ಸೂ ಇದೆ. ಆದರೆ ಎರಡಕ್ಕೂ ಆಚಾರ್ಯರು ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಜೋಡಿಸಿದ್ದಾರೆ. ಮೋಕ್ಷದ ಹಾದಿಯ ಸಾಧನೆಗೇ ಶಕ್ತಿಯ ಅಳತೆ ಇರುವಾಗ ಸಂಬಳದ ದುಡಿಮೆಗೆ ಅಳತೆ ಬೇಡವೇ? ಶಕ್ತಿಯಿದ್ದೂ ಮಾಡದಿರುವುದು ಪ್ರಮಾದ. ಶಕ್ತಿ ಮೀರಿ ಹೊರುವುದು ಅವಿವೇಕ. ತನ್ನ ಶಕ್ತಿಯನ್ನು ಅರಿತು ನಡೆಯುವುದೇ ವಿವೇಕ.

ಹೊರೆಯನ್ನು ಇಳಿಸುವ ಮೊದಲು ಅದು ಯಾವುದರಿಂದ ಆಗಿದೆ ಎಂದು ಬಿಚ್ಚಿ ನೋಡಬೇಕು. ಅದರಲ್ಲಿ ಒಂದು ಪಾಲು ನಿಜವಾದ ಕೆಲಸ. ಮತ್ತೊಂದು ಪಾಲು ಆರ್ತಧ್ಯಾನ. ಶಾಸ್ತ್ರವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಬೇಡದ್ದು ಬಂದೊದಗಿತೆಂಬ ಕೊರಗು ಅನಿಷ್ಟ ಸಂಯೋಗ. ಬೇಕಾದುದು ಕೈತಪ್ಪಿತೆಂಬ ಅಳಲು ಇಷ್ಟವಿಯೋಗ. ನೋವನ್ನೇ ಮೆಲುಕು ಹಾಕುವುದು ವೇದನೆ. ಮುಂದಿನ ಭೋಗಕ್ಕಾಗಿ ಹಂಬಲಿಸುವುದು ನಿದಾನ. ಮೇಲಧಿಕಾರಿಯ ಮುಖವನ್ನು ನೆನೆದು ನಡುಗುವುದು, ತಪ್ಪಿಹೋದ ಬಡ್ತಿಗಾಗಿ ಮರುಗುವುದು, ಹಳೆಯ ಅವಮಾನವನ್ನು ಕೆದಕುವುದು, ಬರಲಿರುವ ಬಹುಮಾನದ ಕನಸಿನಲ್ಲಿ ತೊಳಲುವುದು, ಇವು ಯಾವುವೂ ಕೆಲಸವಲ್ಲ. ಆದರೂ ಸಂಜೆಯ ದಣಿವಿನಲ್ಲಿ ಬಹುಪಾಲು ಇವುಗಳದೇ ಆಗಿರುತ್ತದೆ. ಒಂದು ಹಾಳೆಯ ಮೇಲೆ ಇಂದಿನ ಕೆಲಸಗಳನ್ನು ಒಂದೊಂದಾಗಿ ಬರೆದರೆ ಈ ಎರಡು ಪಾಲು ತಾವಾಗಿಯೇ ಬೇರ್ಪಡುತ್ತವೆ. ಚಿಂತೆಗೆ ಆ ಪಟ್ಟಿಯಲ್ಲಿ ಸ್ಥಾನ ಸಿಗುವುದಿಲ್ಲ.

ನಿಜವಾದ ಕೆಲಸದ ಪಾಲಿಗೆ ಬೇಕಾದುದು ಎಲ್ಲೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿರುವ ದೇಶಾವಕಾಶಿಕ ವ್ರತ ಇಲ್ಲಿ ನೆರವಾಗುತ್ತದೆ. ಇಷ್ಟು ಕಾಲ ಈ ಮನೆ, ಈ ಊರು, ಈ ನದಿಯನ್ನು ದಾಟೆನು ಎಂದು ಶ್ರಾವಕನು ತನ್ನ ಸಂಚಾರಕ್ಕೆ ತಾನೇ ಗೆರೆ ಎಳೆದುಕೊಳ್ಳುವುದು ಈ ವ್ರತ. ಗೆರೆಯ ಆಚೆಗಿನ ಪ್ರಪಂಚದ ಪಾಪಕಾರ್ಯಗಳಿಂದ ಅಷ್ಟು ಹೊತ್ತು ಅವನು ದೂರ. ಇದೇ ಭಾವದಿಂದ ದುಡಿಯುವವರೂ ತಮ್ಮ ದಿನಕ್ಕೆ ಗೆರೆ ಎಳೆದುಕೊಳ್ಳಬಹುದು. ಈ ಒಂದು ಗಂಟೆ ಈ ಒಂದೇ ಕಡತ. ಊಟದ ಹೊತ್ತಿನಲ್ಲಿ ಊಟ ಮಾತ್ರ. ಮನೆಯ ಹೊಸಿಲು ದಾಟಿದ ಮೇಲೆ ಕಚೇರಿಯ ಮಾತಿಲ್ಲ. ಎಲ್ಲೆ ಚಿಕ್ಕದಾದಷ್ಟೂ ಮನಸ್ಸಿಗೆ ನೆಲೆ ಸಿಗುತ್ತದೆ.

ಇನ್ನು ಸಾಮಾಯಿಕ. ಒಂದು ಮುಹೂರ್ತ, ಅಂದರೆ 2 ಘಳಿಗೆ, ಇಂದಿನ ಎಣಿಕೆಯಲ್ಲಿ 48 ನಿಮಿಷ, ಲಾಭ ನಷ್ಟಗಳಲ್ಲಿ, ನಿಂದೆ ಸ್ತುತಿಗಳಲ್ಲಿ ಸಮಭಾವವನ್ನು ತಾಳಿ ಕುಳಿತುಕೊಳ್ಳುವ ಸಾಧನೆ. ಆ ಹೊತ್ತಿನಲ್ಲಿ ಗೃಹಸ್ಥನೂ ವಸ್ತ್ರ ಹೊದ್ದ ಮುನಿಯಂತೆ ಎಂದು ಸಮಂತಭದ್ರರು ಭಾವಿಸುತ್ತಾರೆ. ಅಷ್ಟು ಬಿಡುವಿಲ್ಲದವರು ಕೆಲವು ಉಸಿರುಗಳ ಕಾಲ ಕಾಯೋತ್ಸರ್ಗದಲ್ಲಿ ನಿಂತರೂ ಸಾಕು. ಗಂಗರ ಮಂತ್ರಿಯಾಗಿ, ದಂಡನಾಯಕನಾಗಿ ರಾಜ್ಯದ ಹೊಣೆ ಹೊತ್ತಿದ್ದ ಚಾವುಂಡರಾಯನು ಆ ನಡುವೆಯೇ 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣವನ್ನು ರಚಿಸಿದನು. ಅವನು ವಿಂಧ್ಯಗಿರಿಯ ಮೇಲೆ ನಿಲ್ಲಿಸಿದ ಗೊಮ್ಮಟನ ನಿಲುವೂ ಕಾಯೋತ್ಸರ್ಗವೇ. ಬಹುಕಾರ್ಯಗಳ ನಡುವೆ ಇದ್ದವನು ನಾಡಿಗೆ ಬಿಟ್ಟುಹೋದದ್ದು ನಿಶ್ಚಲತೆಯ ಬಿಂಬವನ್ನು ಎಂಬುದು ಮನನಯೋಗ್ಯ.

ಇಷ್ಟೆಲ್ಲ ಹೊರುವವರಿಗೆ ಹೇಳಿ, ಹೊರಿಸುವವರಿಗೆ ಹೇಳದಿದ್ದರೆ ಅನ್ಯಾಯವಾದೀತು. ಅತಿಭಾರಾರೋಪಣದ ದೋಷ ಮೂಲತಃ ಹೊರಿಸುವವನದು. ಅಂಗಡಿಯ ಧಣಿ, ಕಚೇರಿಯ ಮುಖ್ಯಸ್ಥ, ಮನೆಗೆಲಸದವರನ್ನು ಇಟ್ಟುಕೊಂಡ ಗೃಹಿಣಿ, ಯಾರೇ ಆಗಲಿ, ನೀರನ್ನು ಸೋಸಿ ಕುಡಿಯುವ ಎಚ್ಚರವನ್ನು ಕೆಲಸ ಒಪ್ಪಿಸುವಾಗಲೂ ಇಟ್ಟುಕೊಳ್ಳಬೇಕು. ‘ಇದು ನನ್ನಿಂದ ಆಗದು’ ಎಂದು ಒಬ್ಬರು ವಿನಯದಿಂದ ಹೇಳಿದರೆ ಅದನ್ನು ಅವಿಧೇಯತೆ ಎಂದು ತಿಳಿಯದೆ ಸತ್ಯವಚನವೆಂದು ಆಲಿಸಬೇಕು. ಹೇಳಿದರೂ ಕೇಳುವವರಿಲ್ಲದ ಕಡೆ ಸಾಮಾಯಿಕವೊಂದೇ ಪರಿಹಾರವಲ್ಲ. ಜೊತೆಯವರೊಡನೆ ಕೂಡಿ ನ್ಯಾಯವಾದ ಅಳತೆಯನ್ನು ಕೇಳುವುದೂ ಧರ್ಮಕ್ಕೆ ಹೊರತಲ್ಲ. ನಿದ್ರೆ, ಹಸಿವು ಕೆಟ್ಟು ದಿನಗಳು ಉರುಳುತ್ತಿದ್ದರೆ ವೈದ್ಯರನ್ನು ಕಾಣಬೇಕು. ಔಷಧವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಮನ್ನಿಸಿದ ಪರಂಪರೆಯವರಿಗೆ ಇದರಲ್ಲಿ ಸಂಕೋಚ ಸಲ್ಲದು.

ನಾಳೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇಂದು ನಾನು ಹೊರಬೇಕಾದುದು ಎಷ್ಟು? ಇಂದು ನಾನು ಯಾರ ಮೇಲೆ ಎಷ್ಟು ಹೊರಿಸುತ್ತಿದ್ದೇನೆ? ಈ ಎರಡಕ್ಕೂ ಪ್ರಾಮಾಣಿಕ ಉತ್ತರ ದೊರೆತರೆ ಆ ದಿನದ ಅಹಿಂಸಾವ್ರತ ಅಲ್ಲಿಂದಲೇ ಆರಂಭವಾಗುತ್ತದೆ.