ಬೋರ್ಡಿನಲ್ಲಿ ಖಾಲಿ ಬಿಟ್ಟ ಹೆಸರು

ಕರ್ನಾಟಕದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು ಹಚ್ಚಿದರೆ ದಂಡ ಈಗ 200 ರೂಪಾಯಿ ಅಲ್ಲ, 1,000. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂತು. ಬೇಕಿತ್ತು, ಬಂತು. ಆದರೆ ಈ ದಂಡ ಯಾರ ಜೇಬಿಗೆ ಕೈ ಹಾಕುತ್ತದೆ ಎಂಬುದೇ ನನ್ನ ಚಿಂತೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಮೆಟ್ಟಿಲ ಕೆಳಗೆ ಬೀಡಿ ಸೇದಿ ಸಿಕ್ಕಿಬಿದ್ದ ಹೆಲ್ಪರ್ ಹುಡುಗರ ಸಂಬಳದಲ್ಲಿ ದುಡ್ಡು ಮುರಿದುಕೊಳ್ಳುವ ಕೆಲಸ ನನ್ನದೇ. ಮಾಲೀಕರ ಮೇಜಿನ ಮೇಲೆ ಮಾತ್ರ ಸದಾ ಆಶ್‌ಟ್ರೇ. ಚೆಕ್ಕಿಗೆ ಸಹಿ ಬೇಕೆಂದರೆ ಆ ಹೊಗೆಯಲ್ಲೇ ನಿಲ್ಲಬೇಕು. ಕೇಳಿದ್ದಕ್ಕೆ, "ಇದು ನನ್ನ ಸ್ವಂತ ಜಾಗ ಕಣಮ್ಮಾ" ಎಂದರು.

ಸ್ವಂತ ಜಾಗವಾದರೂ ಕಾನೂನು ಒಪ್ಪುವುದಿಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಕೆಲಸದ ಸ್ಥಳವೂ ಸಾರ್ವಜನಿಕ ಸ್ಥಳವೇ. ಅಲ್ಲಿ ಯಾರೂ ಸೇದದಂತೆ ನೋಡಿಕೊಳ್ಳುವ ಹೊಣೆ ಮಾಲೀಕ, ಮ್ಯಾನೇಜರ್ ಅಥವಾ ಉಸ್ತುವಾರಿ ಹೊತ್ತವರದು. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವಂತೆಯೇ ಇಲ್ಲ. ಬಾಗಿಲಲ್ಲಿ, ಪ್ರತಿ ಮಹಡಿಯಲ್ಲಿ, ಮೆಟ್ಟಿಲ ಬಳಿ ಬೋರ್ಡು ಇರಬೇಕು. ಯಾರಿಗೆ ದೂರು ಕೊಡಬೇಕೆಂಬ ಹೆಸರೂ ಎದ್ದು ಕಾಣಬೇಕು. ದೂರು ಬಂದೂ ಉಸ್ತುವಾರಿ ಸುಮ್ಮನಿದ್ದರೆ, ಎಷ್ಟು ಜನ ತಪ್ಪು ಮಾಡಿದರೋ ಅಷ್ಟೂ ಜನರ ದಂಡ ಅವರ ತಲೆಗೇ ಬರುತ್ತದೆ.

ನಮ್ಮಲ್ಲಿ ಬೋರ್ಡಿತ್ತು, ಹೆಸರಿನ ಜಾಗ ಖಾಲಿ. ಇಂಥ ಬೋರ್ಡು ಎಷ್ಟೋ ಕಡೆ ನೋಡಿದ್ದೇನೆ. ಪಕ್ಕದ ಮೇಜಿನವನ ಹೊಗೆಗೆ ಕೆಮ್ಮುವ ಪ್ಯಾಕಿಂಗ್ ಹೆಣ್ಣುಮಗಳು ಯಾರ ಮುಂದೆ ಹೋಗಿ ಹೇಳಬೇಕು?

ಕಾರ್ಮಿಕರನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಥಿನ್ನರ್ ಡಬ್ಬಗಳಿರುವ ಪೇಂಟ್ ವಿಭಾಗದಲ್ಲಿ ಬೀಡಿ ಹಚ್ಚುವವನು ಹತ್ತಾರು ಜೀವಗಳ ಜೊತೆ ಆಡುತ್ತಿದ್ದಾನೆ; ಅವನಿಗೆ ಕನಿಕರ ತೋರಿಸಬೇಕಿಲ್ಲ. ಆದರೆ ಸಾವಿರ ರೂಪಾಯಿ ಎಂದರೆ ದಿನಗೂಲಿಯವನ ಮನೆಯ ಒಂದು ವಾರದ ದಿನಸಿ. ಕ್ಯಾಬಿನ್ನಿನಲ್ಲಿ ಕೂತವರಿಗೆ ಅದು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಮೇಲಿನವರ ಹೊಣೆಯನ್ನು ಮೊದಲು ವಸೂಲಿ ಮಾಡಬೇಕು.

ತಪಾಸಣೆಗೆ ಬರುವ ಅಧಿಕಾರಿಗಳು ಶೌಚಾಲಯದ ಹಿಂದೆ ಬೀಡಿ ತುಂಡು ಹುಡುಕುವ ಮುಂಚೆ ಮಾಲೀಕರ ಕ್ಯಾಬಿನ್ನಿಗೆ ಹೋಗಲಿ. ದೂರಿನ ದಾಖಲೆ ಕೇಳಲಿ. ಬೋರ್ಡಿನಲ್ಲಿ ಹೆಸರಿಲ್ಲದಿದ್ದರೆ ನೋಟಿಸು ಮಾಲೀಕರ ಹೆಸರಿಗೇ ಹೊರಡಲಿ.