ಗುಡ್ಡೆಗೆ ಯಂತ್ರ ಹತ್ತಿಸುವ ಮೊದಲು

ಪತ್ತನಾಜೆಗೆ ಇನ್ನು ಕೆಲವೇ ವಾರಗಳು ಉಳಿದಿರುವ ಈ ದಿನಗಳಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಗುಡ್ಡೆಯ ಕಡೆಗೆ ಕಿವಿಗೊಟ್ಟರೂ ಮಣ್ಣು ಅಗೆಯುವ ಯಂತ್ರದ ಸದ್ದು ಕೇಳಿಬರುತ್ತದೆ. ಹೊಸ ತೋಟಕ್ಕೆ ತಟ್ಟು ಮಾಡಿಸುವವರು ಕೆಲವರು, ಅಂಗಳದಿಂದ ತೋಟಕ್ಕೆ ದಾರಿ ಇಳಿಸುವವರು ಕೆಲವರು, ಹೂಳು ತುಂಬಿದ ಕೆರೆ ತೋಡುಗಳನ್ನು ತೆಗೆಸುವವರು ಮತ್ತೆ ಕೆಲವರು. ಹಿಂದೆ ಎಂಟು ಹತ್ತು ಆಳುಗಳು ಪಿಕ್ಕಾಸು, ಗುದ್ದಲಿ, ಬುಟ್ಟಿ ಹಿಡಿದು ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸವು ಈಗ ಎರಡು ದಿನಗಳಲ್ಲಿ ಮುಗಿಯುತ್ತದೆ. ಆಳು ಸಿಗದ ಈ ಕಾಲದಲ್ಲಿ ಯಂತ್ರವೇ ಬೇಡವೆನ್ನುವವರ ಸಾಲಿಗೆ ನಾವು ಸೇರಿದವರಲ್ಲ. ಆದರೆ ಯಾವ ಯಂತ್ರವನ್ನು, ಯಾರ ಕಣ್ಣೆದುರಿನಲ್ಲಿ, ಯಾವ ತಿಂಗಳಿನಲ್ಲಿ ಗುಡ್ಡೆಗೆ ಹತ್ತಿಸಬೇಕೆಂಬುದನ್ನು ಯೋಚಿಸದೆ ಬಾಡಿಗೆಗೆ ಕರೆದರೆ ಏನಾಗುತ್ತದೆಂಬುದನ್ನು ನಾವು ಕೈಸುಟ್ಟುಕೊಂಡು ಕಲಿತವರಾದ ಕಾರಣ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಿಂದ ಕೆಳಗಿನ ಅಡಿಕೆ ತೋಟಕ್ಕೆ ಒಂದು ದಾರಿ ಮಾಡಿಸಲು ಹೊರಟೆವು. ಬೇಕಾದುದು 5 ಅಡಿ ಅಗಲದ ದಾರಿ. ಗೊಬ್ಬರದ ಕೈಗಾಡಿ ಇಳಿಯಬೇಕು, ಅಡಿಕೆಯ ಗೋಣಿ ಹತ್ತಬೇಕು, ಅಷ್ಟೆ. ಬಾಡಿಗೆಗೆ ಕೊಡುವಾತನು "ಮಾಷ್ಟ್ರೇ, ಸಣ್ಣದು ಯಾಕೆ? ದೊಡ್ಡದೇ ಬರಲಿ, ಒಂದೇ ದಿನದಲ್ಲಿ ಆಗಿಹೋಗುತ್ತದೆ" ಎಂದನು. ನಾವೂ ಹೂಂಗುಟ್ಟಿದೆವು. ಯಂತ್ರ ಬಂದ ದಿನ ಶಾಲೆಗೆ ರಜೆ ಇರಲಿಲ್ಲ. ಬೆಳಗ್ಗೆ ಗೂಟ ತೋರಿಸಿ ಹೋದವರು ಸಂಜೆ ಬಂದು ನೋಡುವಾಗ 5 ಅಡಿಯ ದಾರಿ 10 ಅಡಿಯಾಗಿತ್ತು. ಮೇಲಿನ ಬರೆಯು 12 ಅಡಿ ಎತ್ತರಕ್ಕೆ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಚಾಲಕನನ್ನು ದೂರಿ ಫಲವಿಲ್ಲ. ಆ ಯಂತ್ರದ ಮೈಯೇ ಏಳು ಏಳೂವರೆ ಅಡಿ ಅಗಲ. ತನಗೆ ನಿಲ್ಲಲು ಬೇಕಾದಷ್ಟು ಜಾಗವನ್ನು ಅದು ಮಾಡಿಕೊಂಡಿತು.

ನೋಡಲು ಚಂದವೇ ಇತ್ತು. ಬಂದವರೆಲ್ಲ ಹೊಗಳಿದರು. ಕರ್ಕಾಟಕದ ಒಂದು ರಾತ್ರಿ ಬರೆ ಜರಿಯಿತು. ನಮ್ಮ 14 ಅಡಿಕೆ ಮರಗಳು ಹೋದುದು ದೊಡ್ಡದಲ್ಲ. ಕೆಸರು ಕೆಳಗಿಳಿದು ಕೆಳಮನೆಯವರ ಸುರಂಗದ ಬಾಯಿಯನ್ನೂ ಅದರ ನೀರು ನಿಲ್ಲುವ ಸಣ್ಣ ಕೆರೆಯನ್ನೂ ಮುಚ್ಚಿಬಿಟ್ಟಿತು. ಆ ಮನೆಗೆ ಕುಡಿಯಲು ಬೇರೆ ನೀರಿರಲಿಲ್ಲ. ನಾವು, ನಮ್ಮ ಮಕ್ಕಳು, ನೆರೆಕರೆಯವರು ಸೇರಿ 6 ದಿನ ಬುಟ್ಟಿಯಲ್ಲಿ ಕೆಸರು ಹೊತ್ತೆವು. ಆ ಮನೆಯ ಅಜ್ಜಿ ನಮಗೆ ಒಂದು ಮಾತೂ ಆಡಲಿಲ್ಲ. ದಿನವೂ ಹತ್ತು ಗಂಟೆಗೆ ಬೆಲ್ಲ, ನೀರು ತಂದಿಡುತ್ತಿದ್ದರು. ಆ ನೀರನ್ನು ಅವರು ಅರ್ಧ ಮೈಲು ದೂರದಿಂದ ಹೊತ್ತು ತಂದುದೆಂದು ನಮಗೆ ಮೂರನೆಯ ದಿನ ತಿಳಿಯಿತು. ಬೈದಿದ್ದರೆ ಒಳ್ಳೆಯದಿತ್ತು.

ಬರೆ ಯಾಕೆ ಜರಿಯಿತೆಂಬುದಕ್ಕೆ ಹೆಚ್ಚಿನ ವಿದ್ಯೆ ಬೇಡ. ನಮ್ಮ ಗುಡ್ಡೆಗಳ ತಲೆಯಲ್ಲಿ ಮುರಕಲ್ಲಿನ ಗಟ್ಟಿ ಪದರವಿದೆ. ಅದರ ಕೆಳಗೆ ಮೆತ್ತಗಿನ ಜೇಡಿ ಮಣ್ಣು. ಮುರಕಲ್ಲು ನೀರನ್ನು ಇಳಿಸಿಕೊಡುತ್ತದೆ, ಜೇಡಿ ಅದನ್ನು ಹೀರಿ ಬೆಣ್ಣೆಯಂತಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆ ನಮ್ಮದು. ಅದರ ಬಹುಪಾಲು ನಾಲ್ಕು ತಿಂಗಳೊಳಗೆ ಬಿದ್ದುಹೋಗುತ್ತದೆ. ಜೇಡಿಯ ಕಾಲನ್ನು ಕಡಿದು ತಲೆಯ ಮೇಲೆ ಮುರಕಲ್ಲನ್ನು ಹಾಗೆಯೇ ಉಳಿಸಿದರೆ ಅದು ಎಷ್ಟು ದಿನ ನಿಂತೀತು? ಇನ್ನೊಂದು ಲೆಕ್ಕವನ್ನು ನಾವು ಮಕ್ಕಳಿಗೆ ಹಲಗೆಯಲ್ಲಿ ಬರೆದು ತೋರಿಸುತ್ತೇವೆ, ಸ್ವಂತ ಗುಡ್ಡೆಯಲ್ಲಿ ಮರೆತಿದ್ದೆವು. ಒಂದೇ ಇಳಿಜಾರಿನಲ್ಲಿ ದಾರಿಯ ಅಗಲ ಇಮ್ಮಡಿಯಾದರೆ ಬರೆಯ ಎತ್ತರವೂ ಇಮ್ಮಡಿಯಾಗುತ್ತದೆ, ಕಡಿಯಬೇಕಾದ ಮಣ್ಣು ನಾಲ್ಮಡಿಯಾಗುತ್ತದೆ. 5 ಅಡಿಗೆ ಸಾಕಾಗುವಲ್ಲಿ 10 ಅಡಿ ಕಡಿಸಿದವನು ನಾಲ್ಕು ಪಾಲು ಮಣ್ಣನ್ನು ದುಡ್ಡು ಕೊಟ್ಟು ಎಬ್ಬಿಸಿ ಮಳೆಯ ಕೈಗೆ ಒಪ್ಪಿಸಿದಂತಾಯಿತು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ನಡೆದ ದುರಂತದ ಬಳಿಕ ನಮ್ಮಲ್ಲಿ ಹಲವರು ಎಲ್ಲಕ್ಕೂ ಯಂತ್ರವೇ ಕಾರಣವೆಂದು ಮಾತಾಡತೊಡಗಿದ್ದಾರೆ. ಹಾಗೆನ್ನುವುದು ಸರಿಯಲ್ಲ. ಅಲ್ಲಿ ಅತಿಮಳೆಗೆ ಬೆಟ್ಟದ ಮೇಲ್ಭಾಗವೇ ಕುಸಿದು ಹೊಳೆಗುಂಟ ಹರಿದುಬಂದಿತು. ನಮ್ಮ ಹಿತ್ತಿಲ ಬರೆ ಜರಿಯುವುದು ಬೇರೆಯೇ ಸಂಗತಿ. ಅದು ಬಹುತೇಕ ನಮ್ಮ ಕೈಯಾರೆ ಆಗುವಂಥದು, ಆದುದರಿಂದ ತಪ್ಪಿಸಬಹುದಾದದ್ದು ಕೂಡ.

ಸುರಂಗಗಳ ವಿಷಯದಲ್ಲಿ ತುಸು ಹೆಚ್ಚೇ ಹೇಳಬೇಕು. ಬಾಯಾರು, ಪಡ್ರೆ, ಶೇಣಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬ ಮನುಷ್ಯ ಹೊಕ್ಕು ಹೊರಡುವಷ್ಟೇ ಅಗಲವಾಗಿ, ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಬಾವಿಗಳು ಇವು. ಸುಮಾರು ಎರಡೂವರೆ ಅಡಿಯ ಕೋಲಿನಿಂದ ಇವನ್ನು ಅಳೆಯುವುದು ರೂಢಿ. ನೂರು ಕೋಲಿಗೂ ಮಿಕ್ಕಿದವು ಉಂಟು. ಬಾಯಿ ಒಬ್ಬರ ಜಾಗದಲ್ಲಿದ್ದರೆ ಬಾಲ ಇನ್ನೊಬ್ಬರ ಗುಡ್ಡೆಯ ಅಡಿಗೆ ಹೋಗಿರುತ್ತದೆ. ಪತ್ರದಲ್ಲಿ ಇದರ ಗುರುತಿಲ್ಲ, ಮೇಲಿನಿಂದ ನೋಡಿದರೆ ಕಾಣುವುದೂ ಇಲ್ಲ. ಏಳೆಂಟು ಟನ್ ಭಾರದ ಯಂತ್ರವು ಅದರ ನೆತ್ತಿಯ ಮೇಲೆ ನಿಂತು ಕುಟ್ಟಿದರೆ ಒಳಗಿನ ಮಾಡು ಉದುರಬಹುದು, ನೀರಿನ ಕಣ್ಣು ಮುಚ್ಚಬಹುದು. ಆದುದರಿಂದ ಯಂತ್ರವನ್ನು ಕರೆಯುವ ಮೊದಲು ಸುರಂಗ ಕೊರೆದು ಬಲ್ಲ ಹಿರಿಯರೊಬ್ಬರನ್ನು ಕರೆದು, ಕೆಳಮನೆಯವರನ್ನೂ ನಿಲ್ಲಿಸಿಕೊಂಡು, ಅದು ಹೋಗಿರುವ ಜಾಡಿನಲ್ಲಿ ಸುಣ್ಣದ ಗೆರೆ ಎಳೆಸಬೇಕು. ನಮ್ಮಲ್ಲಿ ಎರಡನೆಯ ಸಲ ಹೀಗೆ ಮಾಡಿದಾಗ ಹಾಕಬೇಕೆಂದಿದ್ದ ದಾರಿಯನ್ನು 20 ಅಡಿ ಪಕ್ಕಕ್ಕೆ ಸರಿಸಬೇಕಾಯಿತು. ಒಂದು ಹಲಸಿನ ಮರ ಹೋಯಿತು, ಸುರಂಗ ಉಳಿಯಿತು.

ಎರಡನೆಯ ಸಲ ಬಂದುದು ಸಣ್ಣ ಯಂತ್ರ. ನಮ್ಮ ಜನ ಇದನ್ನು ಸಣ್ಣ ಹಿಟಾಚಿ ಎನ್ನುತ್ತಾರೆ, ಯಾವ ಕಂಪೆನಿಯದಾದರೂ ಸರಿ. ಒಂದೂವರೆಯಿಂದ ಮೂರು ಟನ್ನಿನವರೆಗೆ ಭಾರ, ಮೂರೂವರೆಯಿಂದ ಐದು ಅಡಿ ಅಗಲ. ಕೆಳಗೆ ರಬ್ಬರಿನ ಪಟ್ಟಿಯಿರುವುದರಿಂದ ಭಾರ ಹರಡಿಕೊಳ್ಳುತ್ತದೆ. 9 ಅಡಿಗೊಂದು ಅಡಿಕೆ ಮರವಿರುವ ತೋಟದೊಳಗೆ ಇದು ಸಾಲಿನ ನಡುವೆ ಹೋಗಿ ಕಣಿ ಬಿಡಿಸಿ ಬರಬಲ್ಲುದು. ದೊಡ್ಡದಕ್ಕೆ ಅದು ಸಾಧ್ಯವಿಲ್ಲ. ಹೋದರೂ ಬುಡದ ಸುತ್ತ ಮೇಲುಮೇಲೆಯೇ ಇರುವ ಬೇರುಗಳನ್ನು ಅಮುಕಿ ಬರುತ್ತದೆ, ಅದರ ಫಲ ಎರಡು ವರ್ಷಗಳ ಅನಂತರ ಗೊನೆಯಲ್ಲಿ ಕಾಣಿಸುತ್ತದೆ. ಆದರೆ ಸಣ್ಣ ಯಂತ್ರವೆಂದು ಅಡಿಕೆ ಮರದ ಸಂಕದ ಮೇಲೆ ದಾಟಿಸುವ ಸಾಹಸ ಬೇಡ.

ಗಂಟೆಯ ಲೆಕ್ಕದಲ್ಲಿ ಸಣ್ಣದಕ್ಕೆ ಬಾಡಿಗೆ ಕಡಿಮೆ, ಗಂಟೆಗಳು ಹೆಚ್ಚು. ದೊಡ್ಡದಕ್ಕೆ ನಾವು 9 ಗಂಟೆಯ ಬಾಡಿಗೆ ಕೊಟ್ಟಿದ್ದೆವು. ಸಣ್ಣದಕ್ಕೆ 17 ಗಂಟೆ ಹಿಡಿಯಿತು. ಕೈಯಿಂದ ಹೋದ ಹಣ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯ ಸಲ ಕೆಸರು ತೆಗೆಸಿದ ಕೂಲಿ, ಕಲ್ಲು ಕಟ್ಟಿಸಿದ ಖರ್ಚು ಎಲ್ಲ ಸೇರಿದಾಗ ಬಾಡಿಗೆಯ ಮೂರು ಪಾಲಾಗಿತ್ತು.

ಬಾಡಿಗೆಯ ಮಾತುಕತೆಯಲ್ಲಿ ನಮ್ಮವರು ಕೇಳುವುದು ಗಂಟೆಗೆಷ್ಟು ಎಂಬುದೊಂದನ್ನೇ. ಯಂತ್ರವನ್ನು ಲಾರಿಯಲ್ಲಿ ತರುವ ಮತ್ತು ಒಯ್ಯುವ ಬಾಡಿಗೆ ಯಾರದು? ಕನಿಷ್ಠ ಎಷ್ಟು ಗಂಟೆಯ ಹಣ ಕೊಡಬೇಕು? ಡೀಸಿಲ್ ಸೇರಿತೋ ಇಲ್ಲವೋ? ಮುರಕಲ್ಲು ಒಡೆಯುವ ಮೂತಿಗೆ ಬೇರೆ ದರವೇ? ಕೆಟ್ಟುನಿಂತ ಹೊತ್ತು ಯಾರ ಲೆಕ್ಕ? ಇವನ್ನು ಕಾಗದದಲ್ಲಿ ಬರೆಸಿಕೊಳ್ಳತಕ್ಕದ್ದು. ಯಂತ್ರದಲ್ಲಿ ಗಂಟೆ ತೋರಿಸುವ ಮೀಟರು ಇರುತ್ತದೆ. ಇಳಿದ ಕೂಡಲೆ ಅದರ ಅಂಕಿಯನ್ನು ಚಾಲಕನೆದುರಿನಲ್ಲಿಯೇ ಬರೆದಿಡಬೇಕು. ಇಂಜಿನು ಸುಮ್ಮನೆ ಓಡುತ್ತಿದ್ದರೂ ಮೀಟರು ಓಡುತ್ತದೆಂಬುದನ್ನು ಮರೆಯಬಾರದು. ಎಲ್ಲಿ ಕಡಿಯಬೇಕೆಂದು ಮನೆಯವರು ಚರ್ಚೆಮಾಡುವುದು ಯಂತ್ರ ಬಂದ ಮೇಲೆ! ಆ ಚರ್ಚೆಗೂ ಗಂಟೆಯ ಬಾಡಿಗೆ ಸಲ್ಲುತ್ತದೆ.

ಕಾಗದವು ಮಲಯಾಳದಲ್ಲಿದ್ದರೆ ಓದಲು ಬಾರದೆ ಸಹಿ ಹಾಕುವ ರೋಗವೊಂದು ನಮ್ಮ ಹಿರಿಯರಲ್ಲಿದೆ. ಬಾಡಿಗೆಯ ಕರಾರನ್ನು ಕನ್ನಡದಲ್ಲಿ ಬರೆದರೆ ಅದೇನೂ ಕರಾರಾಗದೆ ಹೋಗುವುದಿಲ್ಲ. ಕಚೇರಿಗೆ ಬರೆಯುವುದಿದ್ದರೂ ಅಷ್ಟೆ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಇಲ್ಲಿಯ ಕನ್ನಡಿಗರಿಗೆ ಕನ್ನಡದಲ್ಲಿಯೇ ವ್ಯವಹರಿಸಲು ಅವಕಾಶವಿದೆ. ಮತ್ತು ಕಚೇರಿಯ ಮೆಟ್ಟಲನ್ನು ಹತ್ತಲೇಬೇಕಾದ ಸಂದರ್ಭಗಳುಂಟು. ಕಡಿದ ಮಣ್ಣನ್ನು ಜಾಗದಿಂದ ಹೊರಗೆ ಸಾಗಿಸುವುದಿದ್ದರೆ 2015ರ ಕಿರು ಖನಿಜ ನಿಯಮಗಳಂತೆ ಪರವಾನಗಿ ಬೇಕು. ಆ ಮಣ್ಣನ್ನು ಗದ್ದೆಗೆ ತುಂಬಿಸಿದರಂತೂ 2008ರ ಭತ್ತದ ಗದ್ದೆ ಸಂರಕ್ಷಣಾ ಕಾನೂನು ಅಡ್ಡಬರುತ್ತದೆ. ಯಂತ್ರ, ಲಾರಿಗಳನ್ನೇ ಹಿಡಿದಿಡುವ ಅಧಿಕಾರ ಅದರಲ್ಲಿದೆ. "ಎಲ್ಲರೂ ಮಾಡುತ್ತಾರೆ" ಎಂದು ಬಾಡಿಗೆಯವನು ಹೇಳಿದ ಮಾತು ಅಲ್ಲಿ ನಡೆಯದು.

ಕೆಲಸದ ಕ್ರಮದ ಬಗ್ಗೆ ಒಂದೆರಡು ಮಾತು. ಬರೆಯನ್ನು ನೆಟ್ಟಗೆ ಕಡಿಸದೆ, ಎತ್ತರ ಹೆಚ್ಚಾದಲ್ಲಿ ಮೆಟ್ಟಲಿನಂತೆ ತೆಗೆಸಬೇಕು. ದಾರಿಯ ಮೈ ಹೊರಬದಿಗೆ ತುಸು ಓರೆಯಾಗಿರಲಿ. 30–40 ಅಡಿಗೊಂದು ಕಡೆ ಅಡ್ಡಕ್ಕೆ ಕಲ್ಲಿನ ಸಾಲಿಟ್ಟು ನೀರನ್ನು ಪಕ್ಕದ ಗಟ್ಟಿ ನೆಲಕ್ಕೆ ತಿರುಗಿಸಬೇಕು. ಎಬ್ಬಿಸಿದ ಮಣ್ಣನ್ನು ಅಂಚಿನಿಂದ ಕೆಳಗೆ ನೂಕಿಸಬಾರದು. ಮೊದಲ ಮಳೆಗೆ ಹೊರಡುವುದು ಅದೇ. ಧನು, ಮಕರ ತಿಂಗಳಿನಲ್ಲಿ ಕಡಿಸಿ, ಬರೆಗೆ ತೆಂಗಿನ ನಾರಿನ ಬಲೆ ಹೊದಿಸಿ, ಬೇಸಗೆಯ ಮಳೆ ಬಿದ್ದ ಕೂಡಲೆ ಲಾವಂಚದ ಬುಡಗಳನ್ನು ಒತ್ತಾಗಿ ನೆಟ್ಟರೆ ಕರ್ಕಾಟಕ ಬರುವಾಗ ಬೇರು ಹಿಡಿದಿರುತ್ತದೆ. ಈಗ, ಮಳೆ ಬಾಗಿಲಿಗೆ ಬಂದ ಮೇಲೆ, ಹೊಸದಾಗಿ ಗುಡ್ಡೆ ಕಡಿಸಬೇಕೆಂದಿರುವವರು ಈ ವರ್ಷ ತಡೆಯುವುದು ಲೇಸು. ಕೆರೆಯ ಹೂಳು ತೆಗೆಸುವುದಕ್ಕೆ ಅಡ್ಡಿಯಿಲ್ಲ.

ಇನ್ನು ಮುಖ್ಯ ವಿಷಯ. ಸಣ್ಣ ಯಂತ್ರ ಬೇಕೆಂದರೂ ಬೇಕಾದಾಗ ಸಿಗುವುದಿಲ್ಲ. ದೂರದಿಂದ ತರಿಸಿದರೆ ಸಾಗಾಟದ ಬಾಡಿಗೆಯೇ ಭಾರವಾಗುತ್ತದೆ, ಎರಡು ಗಂಟೆಯ ಕೆಲಸಕ್ಕೆ ಬರಲು ಯಾರೂ ಒಪ್ಪುವುದಿಲ್ಲ. ಬಡವನಿಗೆ ಇರುವುದು ಎರಡು ಗಂಟೆಯ ಕೆಲಸವೇ. ನಮ್ಮ ಸೇವಾ ಸಹಕಾರಿ ಬ್ಯಾಂಕುಗಳು ಗೊಬ್ಬರ ಮಾರುತ್ತವೆ, ಸಾಲ ಕೊಡುತ್ತವೆ. ಟಿಲ್ಲರು, ಹುಲ್ಲು ಕಡಿಯುವ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳೂ ಅಲ್ಲಲ್ಲಿ ಆಗಿವೆ. ಅದೇ ಸಾಲಿಗೆ ಪಂಚಾಯತಿಗೊಂದು ಸಣ್ಣ ಅಗೆಯುವ ಯಂತ್ರವನ್ನೂ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ರಿಪೇರಿಗೆ ಯಾರು, ಚಾಲಕನಿಗೆ ಮಳೆಗಾಲದಲ್ಲಿ ಏನು ಕೆಲಸ ಎಂಬ ಆಕ್ಷೇಪವನ್ನು ನಾವು ಕೇಳಿದ್ದೇವೆ, ಅದು ಸುಳ್ಳಲ್ಲ. ಆದರೆ ಊರಿನ ಹುಡುಗನೇ ಚಾಲಕನಾದರೆ ಯಾವ ಗುಡ್ಡೆಯ ಕೆಳಗೆ ಯಾರ ಸುರಂಗವಿದೆಯೆಂದು ಅವನಿಗೆ ಗೊತ್ತಿರುತ್ತದೆ. ಆ ಒಂದು ಲಾಭವನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಕಲಮಿನಲ್ಲಿ ಬರೆಯುವುದೆಂದು ಕಾರ್ಯದರ್ಶಿಗಳೇ ಹೇಳಲಿ.

ಬ್ಯಾಂಕು ಯಂತ್ರ ತರುವ ತನಕ ಕಾಯಬೇಕಾಗಿಲ್ಲ. ನಮ್ಮ ಕರೆಯಲ್ಲಿ ಈಗ ನಾಲ್ಕು ಮನೆಯವರು ಸೇರಿ ಒಮ್ಮೆಗೇ ಯಂತ್ರ ತರಿಸುತ್ತಿದ್ದೇವೆ. ಸಾಗಾಟದ ಬಾಡಿಗೆಯನ್ನು ಸಮಪಾಲು ಹಂಚಿಕೊಂಡು ಗಂಟೆಯ ಹಣವನ್ನು ಅವರವರು ಕೊಡುತ್ತೇವೆ. ಬರುವ ವೃಶ್ಚಿಕದಲ್ಲಿ ಗೂಟ ಹೊಡೆದು, ಧನು ತಿಂಗಳ ರಜೆಯಲ್ಲಿ ಕೆಲಸ ಮಾಡಿಸುವುದೆಂದು ನಿಶ್ಚಯವಾಗಿದೆ. ಮೊದಲ ದಿನದ ಕೆಲಸ ಕೆಳಮನೆಯ ಅಜ್ಜಿಯ ಕೆರೆಯದು.