ಗಿಡಮೂಲಿಕೆಯೋ ಗುಳಿಗೆಯೋ ಎಂಬುದಲ್ಲ ಪ್ರಶ್ನೆ

ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್, ಸಂತಾನ ವಯೋಮಾನದ ಶೇ 8ರಿಂದ 13ರಷ್ಟು ಮಹಿಳೆಯರನ್ನು ಬಾಧಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇಷ್ಟು ವ್ಯಾಪಕವಾದ ಸಮಸ್ಯೆಯ ಚರ್ಚೆ ಅಲೋಪಥಿ ಮತ್ತು ಆಯುರ್ವೇದಗಳ ಜಗಳವಾಗಿ ಕುಗ್ಗಿರುವುದು ದುರದೃಷ್ಟಕರ.

ಈ ವಿಂಗಡಣೆಯೇ ಟೊಳ್ಳು ಎಂಬುದು ನನ್ನ ಅಭಿಪ್ರಾಯ. ಪಿಸಿಓಎಸ್‌ಗೆ ವೈದ್ಯರು ಬರೆದುಕೊಡುವ ಮೆಟ್‌ಫಾರ್ಮಿನ್‌ನ ಮೂಲವಿರುವುದು ಯುರೋಪಿನ ಗಲೇಗಾ ಎಂಬ ಗಿಡದಲ್ಲಿ. ಅದಕ್ಕೆ ಮನ್ನಣೆ ದೊರೆತದ್ದು ಗುಣವನ್ನೂ ಅಪಾಯವನ್ನೂ ಅಳೆದು ನೋಡಿದ ಮೇಲೆ. ಲೆಟ್ರೊಜೋಲ್‌ನ ಕಥೆಯೂ ಅಷ್ಟೆ. ಸ್ತನ ಕ್ಯಾನ್ಸರಿನ ಈ ಔಷಧವನ್ನು ಬಂಜೆತನ ಚಿಕಿತ್ಸೆಗೆ ಬಳಸಕೂಡದೆಂದು ಕೇಂದ್ರ ಸರ್ಕಾರ 2011ರಲ್ಲಿ ನಿರ್ಬಂಧಿಸಿತ್ತು. ಪಿಸಿಓಎಸ್ ಇದ್ದ 750 ಮಹಿಳೆಯರನ್ನು ಒಳಗೊಂಡ ಅಮೆರಿಕದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಲೆಟ್ರೊಜೋಲ್ ಪಡೆದವರಲ್ಲಿ ಶೇ 27.5 ಮಂದಿಗೆ, ಹಳೆಯ ಕ್ಲೊಮಿಫೀನ್ ಪಡೆದವರಲ್ಲಿ ಶೇ 19.1 ಮಂದಿಗೆ ಮಗುವಾಗಿತ್ತು. ಮುಂದೆ ನಿರ್ಬಂಧವೂ ತೆರವಾಯಿತು.

ಪರ್ಯಾಯ ಪದ್ಧತಿಗಳನ್ನು ಹೀಗೆ ಪರೀಕ್ಷಿಸಲಾಗದು ಎಂಬ ವಾದವೂ ನಿಲ್ಲುವುದಿಲ್ಲ. ಚೀನಾದಲ್ಲಿ ಸಾವಿರ ಮಹಿಳೆಯರ ಮೇಲೆ ಅಕ್ಯುಪಂಕ್ಚರ್ ಚಿಕಿತ್ಸೆಯನ್ನೇ ಪರೀಕ್ಷಿಸಲಾಯಿತು. ಅದರಿಂದ ಹೆರಿಗೆಗಳ ಸಂಖ್ಯೆ ಹೆಚ್ಚಲಿಲ್ಲವೆಂಬ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅಶೋಕಾರಿಷ್ಟ, ಕಾಂಚನಾರ ಗುಗ್ಗುಳುಗಳಿಗೂ ಅಂಥದೇ ದೊಡ್ಡ ಪರೀಕ್ಷೆ ಬೇಡವೇ?

ಹಾಗೆಂದು ಆಧುನಿಕ ವೈದ್ಯರು ಬೀಗಬೇಕಾಗಿಲ್ಲ. ಪಿಸಿಓಎಸ್ಅನ್ನು ಬುಡಸಮೇತ ವಾಸಿಮಾಡುವ ಔಷಧ ಅವರಲ್ಲೂ ಇಲ್ಲ. ಹಾರ್ಮೋನ್ ಮಾತ್ರೆ ಮುಟ್ಟನ್ನು ಕ್ರಮಕ್ಕೆ ತರುತ್ತದೆ, ಮೊಡವೆ, ರೋಮ ಬೆಳವಣಿಗೆಯನ್ನು ತಗ್ಗಿಸುತ್ತದೆ, ಅಷ್ಟೆ. 'ತೂಕ ಇಳಿಸಿಕೊಳ್ಳಿ' ಎಂದು ಎರಡು ನಿಮಿಷದಲ್ಲಿ ಸಾಗಹಾಕಿದ ಹುಡುಗಿ, ಅರ್ಧ ಗಂಟೆ ಕುಳಿತು ಕೇಳುವ ಪಂಡಿತರತ್ತ ಹೊರಟರೆ ಅಚ್ಚರಿಯೇನು? ರೋಗಿಯ ಖಿನ್ನತೆ, ಆತಂಕಗಳನ್ನೂ ವಿಚಾರಿಸಬೇಕೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಅದಕ್ಕೆ ವ್ಯವಧಾನವೆಲ್ಲಿದೆ?

ಆದರೆ ಕಳೆದುಹೋಗುವ ಕಾಲಕ್ಕೆ ಬೆಲೆ ತೆರುವವಳು ಅವಳೇ. ಚಿಕಿತ್ಸೆಯಿಲ್ಲದೆ ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪಗಾಗಿ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಮಧುಮೇಹವೂ ಸದ್ದಿಲ್ಲದೆ ಒಳಹೊಕ್ಕಿರಬಹುದು. ಮುಟ್ಟಿನ ದೋಷ ಸರಿಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವುದು ಸರ್ಕಾರದ ಹೊಣೆ.

ಆಹಾರ, ವ್ಯಾಯಾಮ, ನಿದ್ರೆಗಳ ವಿಷಯದಲ್ಲಿ ಎರಡೂ ಪದ್ಧತಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ಉಳಿದಂತೆ, ಯಾರೇ ಔಷಧ ಕೊಡಲಿ, 'ಇದನ್ನು ಎಷ್ಟು ಮಂದಿಯಲ್ಲಿ ಪರೀಕ್ಷಿಸಲಾಗಿದೆ?' ಎಂದು ಕೇಳುವ ಹಕ್ಕು ಪ್ರತಿ ಮಹಿಳೆಗೂ ಇದೆ. ಆ ಪ್ರಶ್ನೆಗೆ ಸಿಡುಕುವವರು ಯಾವ ಪದ್ಧತಿಯವರಾದರೂ ಅವರಿಂದ ದೂರವಿರುವುದೇ ಲೇಸು.